ರಂಗರೇಜ್ ಗಲ್ಲಿಯ ಚಕ್ಕುಬಂದಿ

ಬಸವಕಲ್ಯಾಣ
೮ ಜನವರಿ ೨೦೨೫

ರುದ್ರಪ್ಪ ಕಾಕಾನವರಿಗೆ ಹುಮೇರಾಳ ಸಲಾಮು.

ಲಕೋಟೆಯಲ್ಲಿ ಪತ್ರಿಕೆಯ ವ್ಯಂಗ್ಯಚಿತ್ರ ಹುಡುಕಬೇಡಿ, ಈ ವಾರ ಇಲ್ಲ. ಮೂರು ಹಾಳೆ ಹಾಳು ಮಾಡಿ ಕೂತಿದ್ದೇನೆ. ಸಿಟ್ಟು ನೆತ್ತಿಗೇರಿದಾಗ ಗೆರೆ ನೆಟ್ಟಗೆ ಬರುವುದಿಲ್ಲ ಎಂದು ನೀವೇ ಕಲಿಸಿದ್ದು.

ವಿಷಯ ಏನೆಂದರೆ, ನಮ್ಮ ಊರಿನ ವಾರ್ಡುಗಳ ಗಡಿಯನ್ನು ಹೊಸದಾಗಿ ಹಾಕುತ್ತಾರಂತೆ. ಹಾಕಲಿ, ನಮ್ಮ ಗಂಟೇನು ಹೋಗುತ್ತದೆ ಎಂದುಕೊಂಡಿದ್ದೆ. ಈಗ ಕೇಳಿದರೆ ನಮ್ಮ ರಂಗರೇಜ್ ಗಲ್ಲಿಯನ್ನೇ ತುಂಡು ಮಾಡಿ ಅಕ್ಕಪಕ್ಕದ ಮೂರು ವಾರ್ಡುಗಳಿಗೆ ಹಂಚುವ ಮಾತಿದೆ. ನಿಮಗೆ ಗೊತ್ತು, ಕಳೆದ ಸಲದ ವಾರ್ಡ್ ಚುನಾವಣೆಯಲ್ಲಿ ನಮ್ಮ ಗಲ್ಲಿಯ ಇಶ್ರತ್ ಆಪಾ ಬರೀ ಹತ್ತೊಂಬತ್ತು ವೋಟಿನಿಂದ ಸೋತರು. ಅಂದಿನಿಂದ ಹದಿನೆಂಟು ತುಂಬಿದ ಮಕ್ಕಳೇ ಎಪ್ಪತ್ತು ಜನ ಪಟ್ಟಿಗೆ ಸೇರಿದ್ದಾರೆ. ಗಲ್ಲಿಯಲ್ಲಿ ಒಟ್ಟು ಆರುನೂರ ಹನ್ನೆರಡು ವೋಟು. ಈ ಸಲ ಆಪಾ ಗೆಲ್ಲುವುದು ಖಾತ್ರಿ. ನಮ್ಮವರೊಬ್ಬರು ಒಳಗೆ ಕೂತರೆ ತೆರೆದ ಚರಂಡಿ ಮುಚ್ಚುತ್ತದೆ, ನಲ್ಲಿಗೆ ನೀರು ಬರುತ್ತದೆ. ಗಲ್ಲಿ ಒಡೆದರೆ ಮೂರು ವಾರ್ಡಿನಲ್ಲೂ ನಮ್ಮನ್ನು ಕೇಳುವವರಿಲ್ಲ.

ಇದನ್ನು ಒಂದೇ ಚಿತ್ರದಲ್ಲಿ ಹೇಳುವುದು ಹೇಗೆ? ಗಲ್ಲಿಯನ್ನು ನುಂಗುವ ಹಾವು ಬರೆದೆ. ಅಮ್ಮಿ ನೋಡಿ, "ಈ ಹಗ್ಗ ಯಾಕ ಬರದೀ?" ಎಂದು ಕೇಳಿದರು. ಹಗಲೆಲ್ಲ ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬದ ನಾಯಕರ ಮೀಸೆ ತಿದ್ದುವವಳಿಗೆ ಹಾವು ಎಲ್ಲಿಂದ ಬರಬೇಕು ಹೇಳಿ!

ಅಬ್ಬಾ ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ. ನಿಮ್ಮ "ಚಾವಡಿಗಲ್ಲು" ಪತ್ರಿಕೆಯ ತಲೆಬರಹ ಬರೆದುಕೊಟ್ಟ ಕೈ ಅದು. ಈಗ ನನಗೆ ಕೇಳಲು ಇರುವವರು ನೀವೊಬ್ಬರೇ. ಫೋನಿನಲ್ಲಿ ಹೇಳಿ ಎಂದರೆ ನೀವು ಕೇಳುವವರಲ್ಲ. ಚಿತ್ರದ ಮಾತು ಕಾಗದದ ಮೇಲೇ ಆಗಬೇಕೆಂಬ ನಿಮ್ಮ ಹಟ ನನಗೆ ಗೊತ್ತಿದೆ. ಜಲಾಲುದ್ದೀನ್ ಭಾಯಿಯ ಹಾಲಿನ ಟೆಂಪೊ ಶನಿವಾರ ಅಲ್ಲಿಂದ ಹೊರಡುವುದರೊಳಗೆ ಉತ್ತರ ಕೊಟ್ಟುಬಿಡಿ.

ನಿಮ್ಮ
ಹುಮೇರಾ


ಹುಮನಾಬಾದ್
೧೦ ಜನವರಿ ೨೦೨೫

ಚಿ. ಹುಮೇರಾಳಿಗೆ ಆಶೀರ್ವಾದಗಳು.

ಹಾವು ಬೇಡ. ಹಾವನ್ನು ಕಂಡವರು ಕೈಮುಗಿಯುತ್ತಾರೆ ಅಥವಾ ಓಡುತ್ತಾರೆ. ವಾರ್ಡು ಯಾರ ನೆನಪಿಗೂ ಬರುವುದಿಲ್ಲ. ಇನ್ನೂರು ವರ್ಷದ ಹಿಂದೆ ಅಮೆರಿಕದ ಒಂದು ಪತ್ರಿಕೆ ಹೀಗೆಯೇ ಸೊಟ್ಟಗೆ ಎಳೆದ ಕ್ಷೇತ್ರದ ನಕ್ಷೆಗೆ ರೆಕ್ಕೆ, ಉಗುರು, ಕೋರೆಹಲ್ಲು ಬರೆದು ಅಚ್ಚು ಹಾಕಿತು. ಅಲ್ಲಿಯ ಜನ ಇಂದಿಗೂ ಇಂಥ ಮೋಸವನ್ನು ಆ ವಿಚಿತ್ರ ಪ್ರಾಣಿಯ ಹೆಸರು ಸೇರಿಸಿಯೇ ಕರೆಯುತ್ತಾರೆ. ಅದು ಅವರ ಊರಿನ ಮಾತು. ನಮ್ಮ ಓದುಗ ಸಂತೆಗೆ ಹೋಗಿ ಬಂದು, ಚಹಾ ಕುಡಿಯುತ್ತ ಪತ್ರಿಕೆ ಬಿಚ್ಚುವವನು. ಸಂಕೇತ ಅವನ ಕೈಗೆ ದಿನಾ ಸಿಗುವ ವಸ್ತುವಾಗಿರಬೇಕು.

ಇನ್ನೊಂದು ಮಾತು. ಟೊಪ್ಪಿಗೆ, ಗಡ್ಡ, ಕುಂಕುಮ, ವಿಭೂತಿ ಯಾವುದನ್ನೂ ಬರೆಯಬೇಡ. ಅವನ್ನು ಬರೆದರೆ ಜನ ಅವನ್ನೇ ನೋಡುತ್ತಾರೆ, ಗೆರೆ ಎಳೆದ ಕೈಯನ್ನು ನೋಡುವುದಿಲ್ಲ.

ನಾನು ಮೂವತ್ತೊಂದು ವರ್ಷ ಸರ್ವೇಯರ್ ಆಗಿ ಸರಪಳಿ ಎಳೆದವನು. ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವುದಕ್ಕೆ ನಾವು ಚಕ್ಕುಬಂದಿ ಎನ್ನುತ್ತೇವೆ. ಚಿತ್ರಕ್ಕೆ ಮೊದಲು ನಿನ್ನ ಗಲ್ಲಿಯ ಚಕ್ಕುಬಂದಿ ಬರೆದು ಕಳಿಸು. ಯಾರ ಮನೆ ಎಲ್ಲಿದೆ, ಯಾವ ಮನೆ ಯಾರ ಕಡೆ, ಗಲ್ಲಿ ಎಲ್ಲಿ ತಿರುಗುತ್ತದೆ, ಎಲ್ಲವೂ ಬರಲಿ. ಸಂಕೋಚ ಪಡಬೇಡ. ಹಾಗೆ ಬರೆಯುವಾಗ ಸಂಕೇತ ತಾನಾಗಿ ಸಿಗುತ್ತದೆ.

ಇಲ್ಲಿ ಎಲ್ಲರೂ ಆರಾಮ. ನಿಮ್ಮ ಗಲ್ಲಿಯ ಕಮಾನಿನ ಆಚೆಗೇ ಅಳಿಯ ಗುರುಶಾಂತನ ಮನೆ ಇದೆಯಲ್ಲ, ಅವನಿಗೆ ಈಗ ಜನಸೇವೆಯ ಹುಚ್ಚು. ಊಟಕ್ಕೂ ಮನೆಗೆ ಬರುವುದಿಲ್ಲ ಎಂದು ಮಗಳು ಮನೀಷಾ ಗೋಳಾಡುತ್ತಾಳೆ.

ಮಹಾರುದ್ರಪ್ಪ


ಬಸವಕಲ್ಯಾಣ
೧೭ ಜನವರಿ ೨೦೨೫

ಕಾಕಾ,

ನೀವು ಹೇಳಿದ ಮನೆಗೆಲಸ ಮಾಡಿದ್ದೇನೆ. ಓದಿ ನಗಬೇಡಿ.

ನಮ್ಮ ಗಲ್ಲಿ ಹಳೆಯ ಬಾವಿಯ ಹತ್ತಿರ ಶುರುವಾಗುತ್ತದೆ. ಅಲ್ಲಿಂದ ತಿರುವಿನವರೆಗೆ ಎಪ್ಪತ್ತು ಮನೆ, ಕಣ್ಣುಮುಚ್ಚಿ ಆಪಾಗೆ ಹಾಕುವವರು. ಆಮಿನಾ ಮಾತ್ರ ಆಪಾ ಜೊತೆ ಮಾಳಿಗೆಯ ನೀರಿನ ಟಾಕಿಗಾಗಿ ಎರಡು ವರ್ಷದಿಂದ ಮಾತು ಬಿಟ್ಟಿದ್ದಾಳೆ. "ಆಕಿ ಮಾರಿ ನೋಡಂಗಿಲ್ಲ, ವೋಟ್ ಮಾತ್ರ ಆಕಿಗೇ" ಎಂದು ನನ್ನ ಹತ್ತಿರ ಹೇಳಿದ್ದಾಳೆ. ತಿರುವಿನಿಂದ ಕಮಾನಿನವರೆಗೆ ಲೆಕ್ಕ ಸ್ವಲ್ಪ ಕಷ್ಟ, ಅರ್ಧಕ್ಕರ್ಧ. ಗಜಾಲಾಳ ಗಂಡ ಎದುರು ಪಕ್ಷದವರ ಜೀಪಿನಲ್ಲಿ ಮೆರೆಯುತ್ತಾನೆ, ಅವರ ಚಹಾ ಕುಡಿಯುತ್ತಾನೆ, ಒಳಗೆ ಹೋಗಿ ಒತ್ತುವುದು ಆಪಾ ಗುರುತನ್ನೇ. ಈ ಗುಟ್ಟು ಗಜಾಲಾ ನನಗೊಬ್ಬಳಿಗೇ ಹೇಳಿದ್ದು. ಬಾವಿಯ ಹಿಂದೆ ನಲವತ್ತು ಮನೆ ಇವೆ. ಅಲ್ಲಿಗೆ ಹೋಗಲು ಒಬ್ಬರೇ ಓರೆಯಾಗಿ ನುಸುಳುವಷ್ಟು ಸಂದಿ. ಹೆಣ ಸಾಗಿಸಬೇಕಾದರೂ ಸುತ್ತು ಹಾಕಬೇಕು.

ಆ ತಿರುವಿನಲ್ಲಿರುವುದೇ ಅಬ್ಬಾನ ಅಂಗಡಿ. ಈಗ ಅದು ಮೊಹಿನುದ್ದೀನನ ಮೊಬೈಲ್ ಅಂಗಡಿ, ಹನ್ನೆರಡು ವರ್ಷದಿಂದ ಜನ ಹಾಗೇ ಕರೆಯುತ್ತಾರೆ. ನನಗೆ ಮಾತ್ರ ಅದು ಬದ್ರುದ್ದೀನ್ ಪೇಂಟರ್ ಅಂಗಡಿಯೇ. ಹಾದುಹೋಗುವಾಗ ಈಗಲೂ ಟರ್ಪೆಂಟೈನ್ ವಾಸನೆ ಬಂದಂತಾಗುತ್ತದೆ. ನಾನೇನಾದರೂ ಕೆಟ್ಟವಳಾಗಿದ್ದು ಈ ಗಲ್ಲಿಯನ್ನು ಒಡೆಯಬೇಕೆಂದಿದ್ದರೆ ಅಲ್ಲಿಯೇ ಕತ್ತರಿ ಇಡುತ್ತಿದ್ದೆ. ಮೇಲಿನ ಎಪ್ಪತ್ತು ಮನೆ ಒಂದು ಕಡೆ ಹೋದರೆ ಕೆಳಗಿನವರ ಕಥೆ ಮುಗಿದಂತೆ.

ಹಾಗೆ ಬರೆಯುತ್ತಲೇ ಸಂಕೇತ ಸಿಕ್ಕಿತು ನೋಡಿ! ಒಂದು ಕುರ್ತಾ. ದರ್ಜಿ ಮೇಜಿನ ಮೇಲೆ ಹರಡಿಕೊಂಡು ಮೂರು ತುಂಡು ಮಾಡುತ್ತಿದ್ದಾನೆ. ಒಬ್ಬನಿಗೆ ತೋಳು, ಒಬ್ಬನಿಗೆ ಬೆನ್ನು, ಒಬ್ಬನಿಗೆ ಜೇಬು. "ಎಲ್ಲರಿಗೂ ಬಟ್ಟೆ ಸಿಕ್ಕಿತಲ್ಲ" ಎನ್ನುತ್ತಾನೆ ದರ್ಜಿ. ಮೂವರೂ ಬರಿಮೈಯಲ್ಲಿ ನಿಂತಿದ್ದಾರೆ. ಬಟ್ಟೆಗೆ ಬಣ್ಣ ಹಾಕುವ ರಂಗರೇಜರ ಗಲ್ಲಿಗೆ ಬಟ್ಟೆಗಿಂತ ಒಳ್ಳೆಯ ಸಂಕೇತ ಉಂಟೆ? ಪೆನ್ಸಿಲ್ ಕರಡು ಜೊತೆಗಿದೆ. ದರ್ಜಿಗೆ ಮುಖ ಬರೆದಿಲ್ಲ, ಯಾರದೆಂದು ಗೊತ್ತಿಲ್ಲವಲ್ಲ.

ಹುಮೇರಾ


ಹುಮನಾಬಾದ್
೨೯ ಜನವರಿ ೨೦೨೫

ಚಿ. ಹುಮೇರಾಳಿಗೆ,

ಕುರ್ತಾ ಚೆನ್ನಾಗಿದೆ. ಶಾಯಿಯಲ್ಲಿ ತಿದ್ದಿ ಕಳಿಸು. ಯಾವಾಗ ಹಾಕಬೇಕು ಎಂಬುದನ್ನು ನನಗೆ ಬಿಡು.

ಎರಡು ವಿಷಯ ಸ್ಪಷ್ಟವಾಗಲಿಲ್ಲ. ಬಾವಿಯ ಹಿಂದಿನ ನಲವತ್ತು ಮನೆಗಳಲ್ಲಿ ವೋಟು ಎಷ್ಟು? ತಿರುವಿನ ಕೆಳಗೆ ಎಡಸಾಲು, ಬಲಸಾಲು ಯಾರ ಯಾರ ಕಡೆ? ವಿವರ ಸರಿಯಿದ್ದರೆ ಚಿತ್ರಕ್ಕೆ ಬಲ.

ಮಹಾರುದ್ರಪ್ಪ


ಬಸವಕಲ್ಯಾಣ
೨ ಫೆಬ್ರುವರಿ ೨೦೨೫

ಕಾಕಾ,

ಇಷ್ಟು ಪ್ರಶ್ನೆಗಳನ್ನು ನನ್ನ ನಿಕಾಹ್ ಮಾತುಕತೆಯಲ್ಲೂ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಆ ಮನುಷ್ಯನಿಂದ ಅಂದೇ ಪಾರಾಗುತ್ತಿದ್ದೆ.

ಹಿಂದಿನ ಮನೆಗಳಲ್ಲಿ ನೂರಾ ಐವತ್ತೆಂಟು ವೋಟು. ಕೆಳಗಿನ ಎಡಸಾಲು ಆಪಾ ಕಡೆ, ಬಲಸಾಲಿನಲ್ಲಿ ಕೊನೆಯ ಹನ್ನೊಂದು ಮನೆ ಬಿಟ್ಟರೆ ಉಳಿದವರು ಆಚೆಯವರು. ಇದನ್ನು ತಿಳಿಯಲು ಮೂರು ಮನೆಯಲ್ಲಿ ಚಹಾ, ಒಂದು ಮನೆಯಲ್ಲಿ ಶೀರ್ ಕುರ್ಮಾ ಕುಡಿಯಬೇಕಾಯಿತು. ನಿಮ್ಮ ಪತ್ರಿಕೆಯ ಸಲುವಾಗಿ ಸಕ್ಕರೆ ಕಾಯಿಲೆ ಬಂದರೆ ನೀವೇ ಜವಾಬ್ದಾರಿ.

ಶಾಯಿಯ ಚಿತ್ರ ಇದರೊಂದಿಗೆ ಇದೆ. ನಾಲ್ಕು ದಿನ ಹಿಡಿಯಿತು. ನಾನು ಬರೆದ ಎಲ್ಲದರಲ್ಲಿ ಇದೇ ಒಳ್ಳೆಯದು ಎಂದು ನನಗೇ ಅನ್ನಿಸಿದೆ, ನೀವೂ ಒಮ್ಮೆ ಬಾಯಿಬಿಟ್ಟು ಹೇಳಿಬಿಡಿ.

ಹುಮೇರಾ


ಬಸವಕಲ್ಯಾಣ
೧೪ ಫೆಬ್ರುವರಿ ೨೦೨೫

ಕಾಕಾ,

ವಾರ್ಡು ಗಡಿಯ ಕರಡು ಹೊರಬಿತ್ತು. ಅಂದುಕೊಂಡದ್ದೇ ಆಯಿತು. ಬಾವಿಯಿಂದ ತಿರುವಿನವರೆಗೆ ಒಂಬತ್ತನೇ ವಾರ್ಡಿಗೆ, ತಿರುವಿನಿಂದ ಕಮಾನಿನವರೆಗೆ ಹತ್ತಕ್ಕೆ, ಹಿಂದಿನ ಮನೆಗಳು ಹನ್ನೆರಡಕ್ಕೆ. ಇಶ್ರತ್ ಆಪಾ ನೋಟಿಸಿನ ಮುಂದೆ ನಿಂತು, "ನಾ ಈಗ ಎಲ್ಲಿ ನಿಂದರ್ಲಿ ಹುಮೇರಾ? ನನ್ನ ಮನಿ ಒಂದ್ ವಾರ್ಡಿನ್ಯಾಗ, ಉಳದ ನನ್ನ ಮಂದಿ ಇನ್ನೆರಡ್ ವಾರ್ಡಿನ್ಯಾಗ" ಎಂದರು.

ಆದರೂ ಒಂದು ಮಾತು ಹೇಳಬೇಕು, ಬೈಯಬೇಡಿ. ಚಕ್ಕುಬಂದಿಯಲ್ಲಿ ಹತ್ತನೇ ವಾರ್ಡಿನ ಉತ್ತರಕ್ಕೆ "ಬದ್ರುದ್ದೀನ್ ಪೇಂಟರ್ ಅಂಗಡಿ" ಎಂದು ಇದೆ! ಸರ್ಕಾರಿ ಕಾಗದದ ಮೇಲೆ ಅಬ್ಬಾನ ಹೆಸರು. ಗಲ್ಲಿ ಹೋಯಿತೆಂಬ ಸಂಕಟದ ನಡುವೆಯೂ ಅರೆಗಳಿಗೆ ಎದೆ ಉಬ್ಬಿತು. ಅವರ ಕೈಯಲ್ಲಿ ಬೋರ್ಡು ಬರೆಸಿದ ಯಾರೋ ಹಳೆಯ ಗುಮಾಸ್ತ ನೆನಪಿಟ್ಟಿದ್ದಾನೆ ಅನ್ನಿಸುತ್ತದೆ.

ಆಕ್ಷೇಪಣೆಗೆ ಇಪ್ಪತ್ತನೇ ತಾರೀಖು ಕೊನೆ. ನೋಟಿಸಿನ ಭಾಷೆ ಯಾರಿಗೂ ತಿಳಿಯುತ್ತಿಲ್ಲ. "ವಾರ್ಡ್ ಯಾವ್ದಾದ್ರೇನು, ಮನಿ ಅಲ್ಲೇ ಐತಲ್ಲ" ಎನ್ನುತ್ತಾರೆ. ಕುರ್ತಾದ ಚಿತ್ರ ನೋಡಿದರೆ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಹದಿನಾರರ ಭಾನುವಾರದ ಸಂಚಿಕೆಯಲ್ಲಿ ಹಾಕಿಬಿಡಿ ಕಾಕಾ. ನೂರು ಪ್ರತಿ ಹೆಚ್ಚಿಗೆ ಕಳಿಸಿ, ಮನೆಮನೆಗೆ ಒಯ್ದು ಸಹಿ ಹಾಕಿಸುತ್ತೇನೆ. ಇನ್ನು ಆರು ದಿನ ಅಷ್ಟೇ.

ಹುಮೇರಾ


ಬಸವಕಲ್ಯಾಣ
೧೭ ಫೆಬ್ರುವರಿ ೨೦೨೫

ಕಾಕಾ,

ನಿನ್ನೆಯ ಸಂಚಿಕೆ ಬಂತು. ನನ್ನ ಜಾಗದಲ್ಲಿ ಹಳ್ಳಿಖೇಡದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಕೆಟ್ಟುನಿಂತ ಹಳೆಯ ಚಿತ್ರ. ಅದು ಎರಡು ವರ್ಷದ ಹಿಂದೆ ನಾನೇ ಬರೆದದ್ದು. ನಿಮಗೆ ಮೈಯಲ್ಲಿ ಹುಷಾರಿಲ್ಲವೇ? ಲಕೋಟೆ ತಲುಪಲಿಲ್ಲವೇ? ಜಲಾಲುದ್ದೀನ್ ಭಾಯಿ, "ಸಾಹೇಬ್ರ ಕೈಯಾಗೇ ಕೊಟ್ಟೀನಿ. ಅಳಿಯಂದ್ರೂ ಅಲ್ಲೇ ಕುಂತಿದ್ರು" ಎನ್ನುತ್ತಾರೆ. ಫೋನು ಮಾಡಿದರೆ ನೀವು ಎತ್ತಲಿಲ್ಲ.

ಬರಿಗೈಯಲ್ಲಿ ಮನೆಮನೆ ತಿರುಗಿ ಎಂಬತ್ತು ಸಹಿ ಹಾಕಿಸಿದ್ದೇನೆ. ಅರ್ಧ ಜನ ನಾಳೆ ಬಾ ಎನ್ನುತ್ತಾರೆ. ಗುರುಶಾಂತ ಅಣ್ಣ ಕಮಾನಿನ ಹತ್ತಿರ ಸಿಕ್ಕಿದ್ದರು, ಸಹಿ ಹಾಕಿ ಎಂದೆ. ನಕ್ಕು, ಗಾಡಿ ಹತ್ತಿ ಹೋದರು.

ಅಮ್ಮಿಯದೊಂದು ಹೊಸ ವರಾತ. "ಆ ಅಂಗಡಿಗೆ ನಿಮ್ಮ ಅಬ್ಬಾನ ಹೆಸರು ಅಂತ ಈಗ ಯಾರಿಗ್ ಗೊತ್ತ? ಅವ್ರಿಗಿ ಯಾರ್ ಹೇಳ್ಯಾರ?" ಎಂದು ಮೂರು ದಿನದಿಂದ ಕೇಳುತ್ತಿದ್ದಾರೆ. ಗುಮಾಸ್ತ ಎಂದೆ. ನಂಬುತ್ತಿಲ್ಲ. ಮುದುಕಿಯರಿಗೆ ಎಲ್ಲದರಲ್ಲೂ ಅನುಮಾನ.

ವಿಶೇಷ ಪುರವಣಿಯಾದರೂ ತನ್ನಿ. ಒಂದೇ ಹಾಳೆ ಸಾಕು.

ಹುಮೇರಾ


ಹುಮನಾಬಾದ್
೨೦ ಫೆಬ್ರುವರಿ ೨೦೨೫

ಚಿ. ಹುಮೇರಾಳಿಗೆ,

ನೆಗಡಿ, ಜ್ವರ. ಅಚ್ಚಿನ ಯಂತ್ರವೂ ಕೈಕೊಟ್ಟಿತ್ತು. ಮುಂದಿನ ಸಂಚಿಕೆಯಲ್ಲಿ ಖಂಡಿತ ಹಾಕುತ್ತೇನೆ. ಆಕ್ಷೇಪಣೆಗಳಿಂದ ಗಡಿ ಬದಲಾದದ್ದನ್ನು ನನ್ನ ಸೇವೆಯಲ್ಲಿ ನಾನು ಕಂಡಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕಲೆ ಉಳಿಯುತ್ತದೆ, ಚುನಾವಣೆಗಳು ಬಂದುಹೋಗುತ್ತವೆ.

ಮಹಾರುದ್ರಪ್ಪ


ಬಸವಕಲ್ಯಾಣ
೨೨ ಫೆಬ್ರುವರಿ ೨೦೨೫

ಮಹಾರುದ್ರಪ್ಪನವರಿಗೆ,

ಇಪ್ಪತ್ತರಂದು ಸಂಜೆ ನೂರಾ ಹದಿನೆಂಟು ಸಹಿಯ ಅರ್ಜಿ ಕೊಟ್ಟು ಬಂದೆ. ಕಾಯುತ್ತ ಕೂತಾಗ ನಕ್ಷೆಯ ಪೂರ್ತಿ ವಿವರ ಓದಲು ಸಿಕ್ಕಿತು. ಹನ್ನೆರಡನೇ ವಾರ್ಡಿನ ಗಡಿ: "ಬಾವಿಯ ಪಕ್ಕದ, ಒಬ್ಬರೇ ಓರೆಯಾಗಿ ನುಸುಳುವಷ್ಟು ಸಂದಿ." ಅದನ್ನು ಎಲ್ಲೋ ಓದಿದ್ದೇನಲ್ಲ ಎಂದುಕೊಂಡೆ. ಓದಿರಲಿಲ್ಲ, ಬರೆದಿದ್ದೆ. ಕೆಳಗಿನ ಬಲಸಾಲಿನ ಕೊನೆಯ ಹನ್ನೊಂದು ಮನೆಗಳನ್ನು ಮಾತ್ರ ಬಿಡಿಸಿ ಹನ್ನೆರಡಕ್ಕೆ ಸೇರಿಸಿದ್ದಾರೆ. ಆ ಹನ್ನೊಂದು ಎಂಬ ಲೆಕ್ಕ ಶೀರ್ ಕುರ್ಮಾ ಕುಡಿದು ತಂದವಳು ನಾನು.

ಕಚೇರಿಯಲ್ಲಿದ್ದ ಮುದುಕನೊಬ್ಬ ನನ್ನ ಮುಖ ನೋಡಿ, "ಯಾಕವ್ವ, ಅದನ್ನೇ ಮತ್ತ ಮತ್ತ ಓದಾಕತ್ತಿ? ಇದು ಹುಮನಾಬಾದದ ಹಳೇ ಸರ್ವೇಯರ್ ಸಾಹೇಬ್ರ ಕೈ ಕೆಲಸ. ಬಾಳ ನಿಖರ ಮನಷ್ಯಾ" ಎಂದ. ನಿಮ್ಮನ್ನು ಹೊಗಳುತ್ತಿದ್ದ.

ನಾನು ಎಂಥ ದಡ್ಡಿ. ನನ್ನ ಅಪ್ಪನ ಹೆಸರು ಕಂಡು ಎದೆ ಉಬ್ಬಿತು ಎಂದು ನಿಮಗೇ ಬರೆದೆ. ನೀವು ಅದನ್ನು ಓದಿದಿರಿ. ಓದಿ ಸುಮ್ಮನೆ ಕೂತಿರಿ. ಗಲ್ಲಿಯವರನ್ನು ನಾನು ನಂಬಿ ನಿಮ್ಮ ಕೈಗೆ ಕೊಟ್ಟೆ. ಗಜಾಲಾಳ ಗಂಡನ ಗುಟ್ಟು, ಆಮಿನಾಳ ಮಾತು, ಎಲ್ಲವನ್ನೂ. ನೀವು ನನಗೆ ಮೋಸ ಮಾಡಿದಿರಿ, ಅದೂ ನನ್ನ ಕೈಯಿಂದಲೇ ಮಾಡಿಸಿದಿರಿ.

ನನ್ನ ಪತ್ರಗಳನ್ನೆಲ್ಲ ವಾಪಸ್ ಕಳಿಸಿ. ಚಿತ್ರವನ್ನೂ.

ಹುಮೇರಾ, ಬದ್ರುದ್ದೀನ್ ಪೇಂಟರ್ ಮಗಳು


ಹುಮನಾಬಾದ್
೨೭ ಫೆಬ್ರುವರಿ ೨೦೨೫

ಚಿ. ಹುಮೇರಾ,

ಸುಳ್ಳು ಹೇಳಲಾರೆ. ಗುರುಶಾಂತ ಹತ್ತನೇ ವಾರ್ಡಿಗೆ ನಿಲ್ಲುವವನಿದ್ದಾನೆ. ಕರಡಿನ ಕೆಲಸ ನನ್ನ ಹತ್ತಿರ ಬಂತು. ನಾನಲ್ಲದಿದ್ದರೆ ಇನ್ನೊಬ್ಬರು ಎಳೆಯುತ್ತಿದ್ದರು, ಇದಕ್ಕಿಂತ ಒರಟಾಗಿ. ಮನೀಷಾ ಬಂದು ಕೂತು ಅತ್ತಳು. "ಅಪ್ಪಾ, ಹೊರಗಿನವ್ರಿಗಿ ಚಿತ್ರಾ ಕಲಸ್ತಿ, ಮನಿ ಮಗಳ ಸಲುವಾಗಿ ಒಂದ್ ಗೆರಿ ಎಳ್ಯಾಕ ಆಗಂಗಿಲ್ಲೇನು?" ಎಂದಳು. ಅಪ್ಪನಾದವನು ಏನು ಮಾಡಬೇಕು, ನೀನೇ ಹೇಳು.

ಒಂದು ಮಾತು ನಂಬು. ಜನವರಿಯಲ್ಲಿ ಚಕ್ಕುಬಂದಿ ಬರೆದು ಕಳಿಸು ಎಂದಾಗ ಚಿತ್ರಕ್ಕಾಗಿಯೇ ಕೇಳಿದ್ದೆ. ಈ ಕೆಲಸ ಬಂದದ್ದು ಆಮೇಲೆ. ಬದ್ರುದ್ದೀನನ ಹೆಸರನ್ನು ಬೇಕೆಂದೇ ಹಾಕಿದೆ. ಮೊಬೈಲ್ ಅಂಗಡಿ ಎಂದು ಬರೆದರೂ ನಡೆಯುತ್ತಿತ್ತು. ನನ್ನ ಗೆಳೆಯನ ಹೆಸರು ದಾಖಲೆಯಲ್ಲಿ ಶಾಶ್ವತವಾಗಿ ಉಳಿಯಲಿ ಎಂದುಕೊಂಡೆ. ನಿನಗೆ ಸಂತೋಷವಾಗುತ್ತದೆ ಎಂದು ತಿಳಿದಿದ್ದೆ.

ಇಪ್ಪತ್ಮೂರರ ಸಂಚಿಕೆಯಲ್ಲಿ ಕುರ್ತಾ ಮುಖಪುಟದಲ್ಲೇ ಬಂದಿದೆ. ಒಂದು ಗೆರೆಯನ್ನೂ ಕತ್ತರಿಸಿಲ್ಲ. ಜನ ಬಹಳ ಮೆಚ್ಚಿದ್ದಾರೆ. ಪತ್ರಗಳು, ಚಿತ್ರ ಎಲ್ಲ ಕಟ್ಟಿ ಕಳಿಸಿದ್ದೇನೆ. ಸಿಟ್ಟು ಇಳಿದ ಮೇಲೆ ಮತ್ತೆ ಬರೆ.

ಮಹಾರುದ್ರಪ್ಪ


ಬಸವಕಲ್ಯಾಣ
೧೨ ಮಾರ್ಚ್ ೨೦೨೫

ಮಹಾರುದ್ರಪ್ಪನವರಿಗೆ,

ಕಟ್ಟು ಬಂತು. ಪೆನ್ಸಿಲಿನಲ್ಲಿ ಗುರುತು ಹಾಕಿದಲ್ಲೆಲ್ಲ ತಾರೀಖು ಬರೆಯುವ ನಿಮ್ಮ ಸರ್ವೇಯರ್ ಅಭ್ಯಾಸ ಹೋಗಿಲ್ಲ. ನನ್ನ ಮೊದಲ ಪತ್ರದಲ್ಲಿ, ಆರುನೂರ ಹನ್ನೆರಡು ವೋಟು ಎಂದಿರುವಲ್ಲಿ ಅಡಿಗೆರೆ ಇದೆ. ಪಕ್ಕದಲ್ಲಿ ಒಂಬತ್ತು, ಹತ್ತು, ಹನ್ನೆರಡು ಎಂದು ವಾರ್ಡಿನ ನಂಬರು ಬರೆದು, ಒಂಬತ್ತನೇ ಜನವರಿ ಎಂದು ತಾರೀಖು ಹಾಕಿದ್ದೀರಿ. ಚಕ್ಕುಬಂದಿ ಕಳಿಸು ಎಂದು ನೀವು ನನಗೆ ಬರೆದದ್ದು ಹತ್ತನೇ ತಾರೀಖು. ಸುಳ್ಳು ಹೇಳಲಾರೆ ಎಂದು ಶುರುಮಾಡಿದ ಪತ್ರದಲ್ಲೂ ಸುಳ್ಳು ಹೇಳಿದಿರಿ.

ಕರಡೇ ಖಾಯಂ ಆಯಿತು. ಇಶ್ರತ್ ಆಪಾ ನಿಲ್ಲುವುದಿಲ್ಲ ಎಂದರು. ಮುಚ್ಚಿಟ್ಟು ಬದುಕಲು ನನಗೆ ಬರುವುದಿಲ್ಲ, ಎಲ್ಲ ಪತ್ರ ಒಯ್ದು ಅವರ ಮುಂದೆ ಇಟ್ಟೆ. ಅವರು ಒಂದೊಂದನ್ನೇ ಓದಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. "ನೀ ಸುಳ್ಳ ಬರದಿದ್ರ ಮಾಫ್ ಮಾಡ್ತಿದ್ದೆ ಹುಮೇರಾ. ನೀ ಖರೇ ಬರದಿ" ಎಂದಷ್ಟೇ ಹೇಳಿ ಒಳಗೆ ಹೋದರು.

ರಮಜಾನ್ ನಡೆದಿದೆ. ರೋಜಾ ಬಿಡುವ ಹೊತ್ತಿಗೆ ಮನೆಮನೆಯಿಂದ ತಟ್ಟೆ ಬರುವುದು ನಮ್ಮ ಗಲ್ಲಿಯ ಪದ್ಧತಿ. ಈಗಲೂ ತಟ್ಟೆ ಬರುತ್ತವೆ. ಮೊದಲು ತಂದವರು ಹೊಸ್ತಿಲಲ್ಲಿ ನಿಂತು ಅರ್ಧ ಗಂಟೆ ಮಾತಾಡುತ್ತಿದ್ದರು. ಈಗ ತಟ್ಟೆ ಕೊಟ್ಟು ಹೋಗುತ್ತಾರೆ. ಗಜಾಲಾಳ ಗಂಡನನ್ನು ಆ ಜೀಪಿಗೆ ಹತ್ತಿಸಿಕೊಳ್ಳುವುದಿಲ್ಲವಂತೆ. ಆಮಿನಾ ನಲ್ಲಿಯ ಹತ್ತಿರ ಯಾರ ಜೊತೆಗೋ ಮಾತಾಡುತ್ತಿದ್ದವಳು ನನ್ನನ್ನು ಕಂಡು ನಿಲ್ಲಿಸಿದಳು. ಏನು ವಿಷಯ ಎಂದೆ. "ಏನಿಲ್ಲ" ಎಂದಳು. ಅವರಿಗೆ ನಾನೂ ನೀವೂ ಒಂದೇ. ಅವರ ತಪ್ಪೇನಿಲ್ಲ.

ನಿಮ್ಮನ್ನು ಅಬ್ಬಾನ ಜಾಗದಲ್ಲಿ ಇಟ್ಟಿದ್ದೆ. ಅದನ್ನು ಯೋಚಿಸಿದರೆ ಈಗ ನಾಚಿಕೆಯಾಗುತ್ತದೆ. ಇನ್ನು ನಿಮಗೆ ಚಿತ್ರವೂ ಬರುವುದಿಲ್ಲ, ಪತ್ರವೂ ಬರುವುದಿಲ್ಲ.

ನಾನು ಬರೆಯಲು ಕೂತರೆ ಅಮ್ಮಿ ಪಕ್ಕದಲ್ಲಿ ಸೌತೆಕಾಯಿ ಹೆಚ್ಚುತ್ತ ಕೂತಿರುತ್ತಿದ್ದರು. ಇಷ್ಟು ವರ್ಷದಲ್ಲಿ ನನ್ನ ಪತ್ರಗಳ ಬಗ್ಗೆ ಒಮ್ಮೆಯೂ ಕೇಳಿದವರಲ್ಲ. ಈಗ ಈ ಸಾಲು ಬರೆಯುವಾಗ ಬಾಗಿಲಲ್ಲಿ ಬಂದು ನಿಂತರು. ನನ್ನ ಕೈಯನ್ನೇ ನೋಡುತ್ತ, "ಯಾರಿಗಿ ಬರ್ಯಾಕತ್ತಿ?" ಎಂದು ಕೇಳಿದರು.

ಯಾರಿಗೂ ಅಲ್ಲ ಎಂದೆ.